ಮಗಳಿಗೆ ಕ್ಲಿಪ್ ಹಾಕಿಸಬೇಕು, ಹಲ್ಲು ಕೀಳಿಸಲೇಬೇಕಾ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಮೇಲಿನ ಮುಂದಿನ ಹಲ್ಲುಗಳು ಉಬ್ಬಿವೆ. ಎರಡೂ ಕೋರೆಹಲ್ಲು ಸಾಲು ಬಿಟ್ಟು ಹೊರಗೆ, ಒಸಡಿನ ಮೇಲ್ಭಾಗದಲ್ಲಿ ಬಂದಿವೆ. ಒಬ್ಬ ವೈದ್ಯರು ನಾಲ್ಕು ಹಲ್ಲು ತೆಗೆದು ಎರಡು ವರ್ಷ ಲೋಹದ ಕ್ಲಿಪ್ ಹಾಕಬೇಕು ಅಂದರು. ಇನ್ನೊಬ್ಬರು ಹಲ್ಲು ಕೀಳದೆ, ತೆಗೆದು ಹಾಕುವ ಪಾರದರ್ಶಕ ತಟ್ಟೆಗಳಾದ ಅಲೈನರ್‌ನಲ್ಲೇ ಸರಿಮಾಡಬಹುದು ಅಂದರು. ಯಾರ ಮಾತು ಕೇಳೋದು? ಚೆನ್ನಾಗಿರೋ ಹಲ್ಲು ಕಿತ್ತರೆ ಮುಖ ಒಳಗೆ ಹೋಗುತ್ತಾ, ಕಣ್ಣಿಗೆ ತೊಂದರೆ ಆಗುತ್ತಾ? ಇನ್ನೂ ಸ್ವಲ್ಪ ದೊಡ್ಡವಳಾಗಲಿ ಅಂತ ಕಾಯಬಹುದಾ? ನನಗೆ 39. ನನ್ನ ಕೆಳಗಿನ ಮುಂದಿನ ಹಲ್ಲುಗಳೂ ಈಚೆಗೆ ಒಂದರ ಮೇಲೊಂದು ಹತ್ತುತ್ತಿವೆ. ಈ ವಯಸ್ಸಿನಲ್ಲಿ ನಾನೂ ಮಾಡಿಸಿಕೊಳ್ಳಬಹುದಾ?

ಉತ್ತರ: ಕೊನೆಯಿಂದ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ಮಗಳ ವಿಷಯದಲ್ಲಿ ಕಾಯಬೇಡಿ. ಹುಡುಗಿಯರ ಬೆಳವಣಿಗೆ ಜೋರಾಗಿ ನಡೆಯೋದು ಸುಮಾರು 11-12ನೇ ವಯಸ್ಸಿನಲ್ಲಿ. ಮುಟ್ಟು ಶುರುವಾದ ಮೇಲೆ ಅದರ ವೇಗ ಇಳಿಯುತ್ತಾ ಹೋಗುತ್ತದೆ. ಹುಡುಗರಲ್ಲಿ ಇದೇ ಘಟ್ಟ ಎರಡು ವರ್ಷ ತಡವಾಗಿ ಬರುತ್ತದೆ. ದವಡೆಯ ಬೆಳವಣಿಗೆಯನ್ನು ಬಳಸಿಕೊಂಡು ಮಾಡುವ ಚಿಕಿತ್ಸೆ ಏನಾದರೂ ನಿಮ್ಮ ಮಗಳಿಗೆ ಬೇಕಿದ್ದರೆ, ಅದರ ಕಾಲ ಈಗಲೇ. 16 ತುಂಬಿದ ಮೇಲೆ ಹಲ್ಲನ್ನು ಸರಿಸಬಹುದು, ದವಡೆಯನ್ನು ಬೆಳೆಸಲು ಆಗುವುದಿಲ್ಲ.

ಇನ್ನು ಇಬ್ಬರು ವೈದ್ಯರ ಮಾತು. ಇಬ್ಬರೂ ನಿಮಗೆ ಹೇಳಿದ್ದು ಏನು ಹಾಕುತ್ತೇವೆ, ಏನು ಕೀಳುತ್ತೇವೆ ಅಂತ. ತೊಂದರೆ ಎಲ್ಲಿದೆ ಅಂತ ಹೇಳಿದರಾ? ನಿಮ್ಮ ಪತ್ರದಲ್ಲಿ ಅದು ಎಲ್ಲೂ ಇಲ್ಲ. ಲೋಹದ ಕ್ಲಿಪ್ಪೋ ಅಲೈನರೋ ಅನ್ನೋದು ಕೊನೆಗೆ ತೀರ್ಮಾನ ಆಗಬೇಕಾದ ಸಂಗತಿ. ಅದಕ್ಕೂ ಮೊದಲು ಎರಡು ವಿಷಯ ಇತ್ಯರ್ಥ ಆಗಬೇಕು. ತೊಂದರೆ ಹಲ್ಲಿನಲ್ಲಿದೆಯಾ, ದವಡೆಯಲ್ಲಿದೆಯಾ? ಹಲ್ಲು ಸಾಲಾಗಿ ಕೂರಲು ಎಷ್ಟು ಮಿಲಿಮೀಟರ್ ಜಾಗ ಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬಹುಪಾಲು ತಾನಾಗಿಯೇ ತೀರ್ಮಾನ ಆಗುತ್ತದೆ.

ಮೊದಲನೆಯದನ್ನು ನೋಡೋಣ. ಮುಂದಿನ ಹಲ್ಲು ಉಬ್ಬಿ ಕಾಣಲು ಎರಡು ಕಾರಣ ಇರಬಹುದು. ಮೇಲಿನ ಹಲ್ಲುಗಳು ನಿಜವಾಗಿಯೂ ಮುಂದಕ್ಕೆ ವಾಲಿರಬಹುದು. ಇಲ್ಲವೇ ಮೇಲಿನ ಹಲ್ಲು ಇರಬೇಕಾದ ಕಡೆಯೇ ಇದ್ದು, ಕೆಳದವಡೆ ಹಿಂದೆ ಉಳಿದಿರಬಹುದು. ಕನ್ನಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಅಮೆರಿಕದ ಎಡ್ವರ್ಡ್ ಆಂಗಲ್ ಅನ್ನುವ ದಂತವೈದ್ಯರು 1899ರಲ್ಲಿ ಕೊಟ್ಟ ವಿಂಗಡಣೆಯನ್ನೇ ನಾವು ಇವತ್ತಿಗೂ ಬಳಸುತ್ತೇವೆ. ಸುಮಾರು 6ನೇ ವಯಸ್ಸಿಗೆ ಬರುವ ಮೊದಲ ದವಡೆಹಲ್ಲನ್ನು ಅವರು ಗುರುತಾಗಿ ಇಟ್ಟುಕೊಂಡರು. ಮೇಲಿನ ದವಡೆಹಲ್ಲಿನ ಮುಂದಿನ ಮೊನೆ ಕೆಳಗಿನ ದವಡೆಹಲ್ಲಿನ ಹೊರಮೈಯಲ್ಲಿರುವ ಗೀರಿಗೆ ಸರಿಯಾಗಿ ಕೂತರೆ ಅದು ಒಂದನೇ ವರ್ಗ. ಆಗ ತೊಂದರೆ ಇದ್ದರೂ ಸಾಮಾನ್ಯವಾಗಿ ಹಲ್ಲಿನ ಸಾಲಿನದ್ದೇ ಆಗಿರುತ್ತದೆ, ಅಂದರೆ ಇಕ್ಕಟ್ಟು, ಸಂದು, ತಿರುಚಿದ ಹಲ್ಲು, ಇಂಥದ್ದು. ಕೆಳಗಿನ ಹಲ್ಲು ಹಿಂದೆ ಉಳಿದಿದ್ದರೆ ಎರಡನೇ ವರ್ಗ, ಮುಂದೆ ಬಂದಿದ್ದರೆ ಮೂರನೇ ವರ್ಗ. ನಿಮ್ಮ ಮಗಳದ್ದು ಯಾವ ವರ್ಗ ಅಂತ ವೈದ್ಯರನ್ನು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಮಗಳನ್ನು ನೆಟ್ಟಗೆ ಕೂರಿಸಿ, ಹಿಂದಿನ ಹಲ್ಲುಗಳಿಂದ ಕಚ್ಚಿ ಹಿಡಿಯಲು ಹೇಳಿ, ತುಟಿಯನ್ನು ಸಡಿಲ ಬಿಡಲಿ. ಈಗ ಪಕ್ಕದಿಂದ ನೋಡಿ. ಮೇಲಿನ ಹಲ್ಲಿನ ಅಂಚಿಗೂ ಕೆಳಗಿನ ಹಲ್ಲಿನ ಮುಂಭಾಗಕ್ಕೂ ನಡುವೆ 2ರಿಂದ 4 ಮಿಲಿಮೀಟರ್ ಅಂತರ ಇದ್ದರೆ ಅದು ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ, ಕೆಳದವಡೆಯನ್ನು ನಿಧಾನವಾಗಿ ಮುಂದಕ್ಕೆ ಜಾರಿಸಿ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುವ ಹಾಗೆ ಹಿಡಿಯಲು ಹೇಳಿ. ಆಗ ಗದ್ದ, ತುಟಿ, ಮುಖದ ಪಾರ್ಶ್ವ ಮೊದಲಿಗಿಂತ ಚೆನ್ನಾಗಿ ಕಂಡರೆ ಕೆಳದವಡೆ ಹಿಂದಿದೆ ಅಂತ ಅನುಮಾನ ಪಡಬಹುದು. ಬದಲಿಗೆ ಬಾಯಿ ಇನ್ನಷ್ಟು ಉಬ್ಬಿದ ಹಾಗೆ ಕಂಡರೆ ತೊಂದರೆ ಮೇಲಿನ ಹಲ್ಲಿನದ್ದೇ ಇರಬೇಕು. ನಾವೂ ಮೊದಲ ಭೇಟಿಯಲ್ಲಿ ಇದನ್ನೇ ಮಾಡಿ ನೋಡುತ್ತೇವೆ. ಆದರೆ ತೀರ್ಮಾನ ಮಾಡೋದು ಇದರಿಂದಲ್ಲ. ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ ಅನ್ನುವ ಎಕ್ಸ್‌ರೇ, ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ಒಪಿಜಿ ಎಕ್ಸ್‌ರೇ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಫೋಟೋಗಳು, ಇಷ್ಟೂ ಬೇಕು. ಇವು ಇಲ್ಲದೆ ನಾಲ್ಕು ಹಲ್ಲು ಕೀಳಬೇಕು ಅಂದರೂ ಒಪ್ಪಬೇಡಿ, ಕೀಳೋದೇ ಬೇಡ ಅಂದರೂ ನಂಬಬೇಡಿ.

ಕೆಳದವಡೆ ಹಿಂದಿದೆ ಅಂತಾದರೆ ಈ ವಯಸ್ಸಿನಲ್ಲಿ ಟ್ವಿನ್ ಬ್ಲಾಕ್‌ನಂಥ ಸಾಧನ ಕೊಡುತ್ತಾರೆ. ಮೇಲೊಂದು, ಕೆಳಗೊಂದು ಅಕ್ರಿಲಿಕ್ ತಟ್ಟೆ, ಎರಡರಲ್ಲೂ ಇಳಿಜಾರಾದ ದಿಮ್ಮಿ. ಬಾಯಿ ಮುಚ್ಚಿದಾಗಲೆಲ್ಲ ಆ ಇಳಿಜಾರುಗಳು ಕೂಡಿ ಕೆಳದವಡೆಯನ್ನು ಮುಂದೆ ತಂದು ನಿಲ್ಲಿಸುತ್ತವೆ. ಸುಮಾರು 9 ತಿಂಗಳಿಂದ 1 ವರ್ಷ, ಹಗಲೂ ರಾತ್ರಿ ಹಾಕಿಕೊಳ್ಳಬೇಕು. ಮೊದಲ ವಾರ ಮಾತು ತೊದಲುತ್ತದೆ, ಜೊಲ್ಲು ಜಾಸ್ತಿ ಬರುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದರಿಂದ ದವಡೆ ಬಹಳ ಉದ್ದ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಅದು ಅತಿಯಾಯಿತು. ಅಂತರ ಕಡಿಮೆ ಆಗುವುದರಲ್ಲಿ ದೊಡ್ಡ ಪಾಲು ಹಲ್ಲು ಸರಿದದ್ದು, ಸಣ್ಣ ಪಾಲು ದವಡೆಯದ್ದು. ಹಾಗಿದ್ದರೂ ಇದು ಮಾಡಿಸಲು ಯೋಗ್ಯವಾದ ಚಿಕಿತ್ಸೆ. ಉಬ್ಬಿದ ಮುಂದಿನ ಹಲ್ಲುಗಳು ಆಟ ಆಡುವಾಗ ಬಿದ್ದು ಮುರಿಯುವ ಸಂಭವ ಜಾಸ್ತಿ, ಅದು ಬೇಗ ತಗ್ಗುತ್ತದೆ. ಮುಂದಿನ ಲೆಕ್ಕವೂ ಹಗುರಾಗುತ್ತದೆ. ಹೇಗೆ ಅಂತ ಈಗ ಹೇಳುತ್ತೇನೆ.

ಹಲ್ಲು ಕೀಳಬೇಕಾ ಬೇಡವಾ ಅನ್ನೋದು ಬಹುಮಟ್ಟಿಗೆ ಜಾಗದ ಲೆಕ್ಕ. ನಿಮ್ಮ ಮಗಳ ಕೋರೆಹಲ್ಲು ಹೊರಗೆ ಬಂದಿರೋದು ಅದರ ತಪ್ಪಿನಿಂದಲ್ಲ. ಮೇಲಿನ ಸಾಲಿನ ಮುಂಭಾಗದಲ್ಲಿ ಕೊನೆಗೆ ಬರುವ ಹಲ್ಲು ಅದು, ಸುಮಾರು 11-12ನೇ ವಯಸ್ಸಿಗೆ. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳು ಜಾಗ ಹಿಡಿದು ಕೂತಿರುತ್ತವೆ. ಹುಳುಕಿನಿಂದ ಹಾಲುಹಲ್ಲು ಬೇಗ ಹೋದರೆ ಹಿಂದಿನ ದವಡೆಹಲ್ಲು ಮುಂದಕ್ಕೆ ಜರುಗಿ ಜಾಗ ಇನ್ನಷ್ಟು ಕಡಿಮೆ ಆಗುತ್ತದೆ. ಹೇಗೂ ಬೀಳುವ ಹಲ್ಲು ಅಂತ ಹಾಲುಹಲ್ಲನ್ನು ಅಲಕ್ಷ್ಯ ಮಾಡಬೇಡಿ ಅಂತ ನಾವು ಪದೇಪದೇ ಹೇಳುವುದು ಇದಕ್ಕೇ.

ನಿಮ್ಮ ಮಗಳ ಅಳತೆ ನನ್ನ ಮುಂದೆ ಇಲ್ಲ. ಹಾಗಾಗಿ ಒಂದು ಕಾಲ್ಪನಿಕ ಲೆಕ್ಕ ತಗೊಳ್ಳೋಣ. ಎರಡು ಕೋರೆಹಲ್ಲು ಸಾಲಿಗೆ ಬರಲು 6 ಮಿಲಿಮೀಟರ್ ಕೊರತೆ ಇದೆ ಅಂದುಕೊಳ್ಳಿ. ಮುಂದಿನ ಹಲ್ಲುಗಳು 3 ಮಿಲಿಮೀಟರ್ ಹಿಂದೆ ಹೋಗಬೇಕು ಅಂದುಕೊಳ್ಳಿ. ಹಲ್ಲು 1 ಮಿಲಿಮೀಟರ್ ಹಿಂದೆ ಹೋಗಬೇಕಾದರೆ ಎಡಕ್ಕೆ 1, ಬಲಕ್ಕೆ 1, ಒಟ್ಟು 2 ಮಿಲಿಮೀಟರ್ ಜಾಗ ಬೇಕು. ಅಂದರೆ ಉಬ್ಬು ಇಳಿಸಲು 6, ಇಕ್ಕಟ್ಟಿಗೆ 6, ಒಟ್ಟು 12. ಕೋರೆಹಲ್ಲಿನ ಹಿಂದಿನ ಪ್ರೀಮೋಲಾರ್ ಹಲ್ಲು ಸುಮಾರು 7 ಮಿಲಿಮೀಟರ್ ಅಗಲ. ಎರಡು ತೆಗೆದರೆ 14. ಹಿಂದಿನ ಹಲ್ಲುಗಳು ಒಂದಿಷ್ಟು ಮುಂದೆ ಬಂದೇ ಬರುತ್ತವೆ, ಅದನ್ನು ಕಳೆದರೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಇದೇ ಜಾಗವನ್ನು ಹಲ್ಲು ಕೀಳದೆ ತರಬಹುದಾ? ಹಲ್ಲುಗಳ ನಡುವೆ ಎನಾಮಲ್ ಅನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ತುಸು ತೀಡಿ ಜಾಗ ಮಾಡಬಹುದು. ಒಂದು ಸಂದಿಗೆ ಹೆಚ್ಚೆಂದರೆ ಅರ್ಧ ಮಿಲಿಮೀಟರ್. ಮುಂದಿನ ಆರು ಹಲ್ಲುಗಳ ನಡುವೆ ಐದು ಸಂದು, ಅಲ್ಲಿಗೆ ಎರಡೂವರೆ ಮಿಲಿಮೀಟರ್. ಸಾಲನ್ನು ಅಗಲಿಸಿದರೆ ಇನ್ನಷ್ಟು ಸಿಗಬಹುದು. ಒಟ್ಟು ಬೇಕಿರೋದು 4 ಮಿಲಿಮೀಟರ್ ಒಳಗಿದ್ದರೆ ಕೀಳುವ ಮಾತೇ ಬೇಡ. 10 ದಾಟಿದರೆ ಕೀಳದೆ ಮಾಡೋದು ಕಷ್ಟ. ಇವೆರಡರ ನಡುವೆ ಬಂದಾಗಲೇ ವೈದ್ಯರಲ್ಲಿ ಭಿನ್ನಾಭಿಪ್ರಾಯ ಬರೋದು. ಈಗ ಟ್ವಿನ್ ಬ್ಲಾಕ್ ವಿಷಯಕ್ಕೆ ವಾಪಸ್ ಬನ್ನಿ. ಕೆಳದವಡೆ ಮುಂದೆ ಬಂದು ಅಂತರ ಅಲ್ಲೇ ಸರಿಹೋದರೆ ಮೇಲಿನ ಹಲ್ಲನ್ನು ಅಷ್ಟೊಂದು ಹಿಂದೆ ಎಳೆಯುವ ಅಗತ್ಯ ಇರೋದಿಲ್ಲ. ಉಬ್ಬಿಗೆ ಬೇಕಿದ್ದ 6 ಮಿಲಿಮೀಟರ್‌ನಲ್ಲಿ ಬಹುಪಾಲು ಉಳಿಯುತ್ತದೆ. ಹನ್ನೆರಡು ಬೇಕಿದ್ದ ಕಡೆ ಏಳೋ ಎಂಟೋ ಸಾಕಾಗುತ್ತದೆ. ನಿಮ್ಮ ಇಬ್ಬರು ವೈದ್ಯರ ನಡುವಿನ ವ್ಯತ್ಯಾಸ ಬಹುಶಃ ಇಲ್ಲೇ ಎಲ್ಲೋ ಇದೆ. ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಎಷ್ಟು ಮಿಲಿಮೀಟರ್ ಜಾಗ ಬೇಕು, ಅದನ್ನು ಎಲ್ಲಿಂದ ತರುತ್ತೀರಿ? ಕೆಳಗಿನ ಸಾಲಿನಲ್ಲಿ ಇಕ್ಕಟ್ಟು ಇಲ್ಲದಿದ್ದರೆ ಅಲ್ಲಿಯ ಎರಡು ಹಲ್ಲು ಯಾಕೆ ತೆಗೆಯಬೇಕು ಅಂತಲೂ ಕೇಳಿ. ಎಷ್ಟೋ ಸಲ ಮೇಲಿನ ಎರಡು ತೆಗೆದರೆ ಸಾಕಾಗುತ್ತದೆ. ನಾಲ್ಕೂ ತೆಗೆಯಲು ಸರಿಯಾದ ಕಾರಣ ಇರಬಹುದು, ಆದರೆ ಆ ಕಾರಣ ನಿಮಗೆ ಗೊತ್ತಿರಬೇಕು.

ಹೊರಗೆ ಕಾಣೋದು ಕೋರೆಹಲ್ಲು ತಾನೇ, ಅದನ್ನೇ ಕಿತ್ತುಬಿಟ್ಟರೆ ಕೆಲಸ ಸುಲಭ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಬಾಯಲ್ಲಿ ಎಲ್ಲಕ್ಕಿಂತ ಉದ್ದ ಬೇರು ಇರೋದು ಕೋರೆಹಲ್ಲಿಗೆ. ತುಟಿಯ ಮೂಲೆಗೆ ಆಧಾರ ಕೊಡೋದು ಅದು, ದವಡೆ ಪಕ್ಕಕ್ಕೆ ಸರಿದಾಗ ಉಳಿದ ಹಲ್ಲುಗಳ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳೋದೂ ಅದೇ.

ಕೀಳಿಸಿದರೆ ಮುಖ ಒಳಗೆ ಹೋಗುತ್ತಾ ಅಂದರೆ, ಮುಖ ಮೊದಲು ಹೇಗಿದೆ ಅನ್ನೋದರ ಮೇಲೆ ಹೋಗುತ್ತದೆ. ತುಟಿ ಮುಂದೆ ಬಂದಿದ್ದು, ಬಾಯಿ ಮುಚ್ಚಲು ಗದ್ದದ ಸ್ನಾಯು ಬಿಗಿ ಹಿಡಿಯಬೇಕಾದ ಮಕ್ಕಳಲ್ಲಿ ಹಲ್ಲು ಹಿಂದೆ ಹೋದಾಗ ಮುಖ ಚೆನ್ನಾಗಿಯೇ ಕಾಣುತ್ತದೆ. ತುಟಿ ತೆಳ್ಳಗಿದ್ದು ಮುಖ ಮೊದಲೇ ಚಪ್ಪಟೆ ಇದ್ದರೆ ಯೋಚನೆ ಮಾಡಬೇಕು. ನಮ್ಮ ವೃತ್ತಿಯಲ್ಲೇ ಇದು ಹಳೆಯ ವಾದ. ಮೇಲೆ ಹೇಳಿದ ಆಂಗಲ್ ಅವರು ಒಂದು ಹಲ್ಲನ್ನೂ ತೆಗೆಯಬಾರದು ಅನ್ನುತ್ತಿದ್ದರು. ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್, ಹಾಗೆ ಎಲ್ಲ ಹಲ್ಲೂ ಉಳಿಸಿಕೊಂಡ ಹಲವರ ಬಾಯಿ ಉಬ್ಬಿ, ಹಲ್ಲು ಮತ್ತೆ ಸೊಟ್ಟಗಾದದ್ದನ್ನು ನೋಡಿ, ಪ್ರೀಮೋಲಾರ್ ತೆಗೆದು ಮತ್ತೆ ಚಿಕಿತ್ಸೆ ಮಾಡಿ 1940ರಲ್ಲಿ ಫಲಿತಾಂಶ ಮುಂದಿಟ್ಟರು. ಇವತ್ತು ಎರಡೂ ಕಡೆಯ ಹಟ ಯಾರಿಗೂ ಬೇಡ, ಪ್ರತಿಯೊಂದು ಬಾಯಿಗೂ ಅದರದೇ ಲೆಕ್ಕ ಇದೆ. ಕಣ್ಣಿನ ಭಯವನ್ನಂತೂ ಪೂರ್ತಿ ಬಿಟ್ಟುಬಿಡಿ. ಹಲ್ಲು ಕೀಳುವುದಕ್ಕೂ ದೃಷ್ಟಿಗೂ ಯಾವ ಸಂಬಂಧವೂ ಇಲ್ಲ.

ಎರಡು ವರ್ಷ ಯಾಕೆ ಬೇಕು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ತಂತಿ ಹಲ್ಲನ್ನು ಮೆಲ್ಲಗೆ ಒಂದು ಕಡೆ ಒತ್ತಿದಾಗ, ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟುತ್ತದೆ. ಈ ಕೆಲಸ ಮಾಡೋದು ಜೀವಕೋಶಗಳು, ತಂತಿ ಬರೀ ಸೂಚನೆ ಕೊಡುತ್ತದೆ. ಕಿತ್ತ ಹಲ್ಲಿನ ಜಾಗ ಮುಚ್ಚುವಾಗ ತಿಂಗಳಿಗೆ ಸರಾಸರಿ 1 ಮಿಲಿಮೀಟರ್ ಆಸುಪಾಸು ಸರಿಯುತ್ತದೆ ಅಂತ ಇಟ್ಟುಕೊಳ್ಳಿ. ಬೇಗ ಆಗಲಿ ಅಂತ ಜೋರಾಗಿ ಎಳೆದರೆ ಆ ನಾರಿನ ಪದರಕ್ಕೆ ರಕ್ತ ಸಂಚಾರ ನಿಂತು ಹಲ್ಲು ಅಲ್ಲೇ ಕಚ್ಚಿಕೊಳ್ಳುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಜಾಸ್ತಿ ಆಗುತ್ತದೆ. ಆರೇ ತಿಂಗಳಲ್ಲಿ ಎಲ್ಲಾ ಮುಗಿಸುತ್ತೇವೆ ಅಂತ ಇಂಥ ಬಾಯಿಗೆ ಯಾರಾದರೂ ಭರವಸೆ ಕೊಟ್ಟರೆ ಎಚ್ಚರ ಇರಲಿ.

ಈಗ ಕ್ಲಿಪ್ಪಿನ ವಿಷಯ. ಲೋಹದ ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಣುಕು, ನೋಡಲು ಅಷ್ಟು ಚೆಂದ ಅಲ್ಲ, ಆದರೆ ಅದರ ಕೈಲಿ ಆಗದ ಕೆಲಸ ಕಡಿಮೆ. ಮೇಲೆ ಉಳಿದ ಕೋರೆಹಲ್ಲನ್ನು ಇಳಿಸೋದು, ಬೇರನ್ನು ನೆಟ್ಟಗೆ ನಿಲ್ಲಿಸೋದು, ಕಿತ್ತ ಹಲ್ಲಿನ ಜಾಗ ಪೂರ್ತಿ ಮುಚ್ಚೋದು, ಇಂಥದ್ದಕ್ಕೆ ನನ್ನ ಒಲವು ಈಗಲೂ ಅದರ ಕಡೆಗೇ. ಸೆರಾಮಿಕ್ ಬ್ರಾಕೆಟ್ ಹಲ್ಲಿನ ಬಣ್ಣದ್ದು, ಕೆಲಸ ಅದೇ, ಸ್ವಲ್ಪ ಬೇಗ ಒಡೆಯುತ್ತದೆ. ಹಲ್ಲಿನ ಹಿಂಬದಿಗೆ ಅಂಟಿಸುವ ಕ್ಲಿಪ್ಪೂ ಇದೆ, ನಾಲಿಗೆಗೆ ಕಿರಿಕಿರಿ, ಅಂಟಿಸುವವರಿಗೆ ಹೆಚ್ಚಿನ ಪರಿಣತಿ ಬೇಕು. ಅಲೈನರ್ ಅಂದರೆ ಪಾರದರ್ಶಕ ತಟ್ಟೆಗಳ ಸರಣಿ. ಒಂದೊಂದು ತಟ್ಟೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ವಾರಕ್ಕೋ ಎರಡು ವಾರಕ್ಕೋ ಬದಲಿಸಬೇಕು. ತಿನ್ನುವಾಗ, ಹಲ್ಲುಜ್ಜುವಾಗ ತೆಗೆಯಬಹುದು, ಅದು ದೊಡ್ಡ ಅನುಕೂಲ. ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿ ಇರಲೇಬೇಕು. 12 ವರ್ಷದ ಮಗು ಊಟಕ್ಕೆ ಅಂತ ತೆಗೆದು, ಶಾಲೆಯಲ್ಲಿ ಮರೆತು, ಸಂಜೆ ಹಾಕಿಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ನಿಮ್ಮ ಮಗಳು ಶಿಸ್ತಿನವಳಾ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜಾಗದ ಲೆಕ್ಕ 4-5 ಮಿಲಿಮೀಟರ್‌ನಲ್ಲಿ ಮುಗಿಯುವಂತಿದ್ದರೆ ಅಲೈನರ್ ಖಂಡಿತ ಆಗುತ್ತದೆ. 12 ಬೇಕಿದ್ದೂ ಕೀಳದೆ ಅಲೈನರ್‌ನಲ್ಲೇ ಅಂದರೆ ಹಲ್ಲುಗಳನ್ನು ಇನ್ನಷ್ಟು ಮುಂದಕ್ಕೆ ತಳ್ಳಿ ಸಾಲು ಮಾಡಿದ ಹಾಗಾಗುತ್ತದೆ. ಸಾಲೇನೋ ನೇರ ಆಗುತ್ತದೆ, ಉಬ್ಬು ಉಳಿದುಬಿಡುತ್ತದೆ.

ನಿಮಗೆ ಸಂಬಂಧಪಡದಿದ್ದರೂ ಓದುವ ಬೇರೆಯವರಿಗಾಗಿ ಎರಡು ಮಾತು. ಮೇಲಿನ ಹಿಂದಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕಚ್ಚುತ್ತಿದ್ದರೆ, ಅಥವಾ ಮೂರನೇ ವರ್ಗದ ಹಾಗೆ ಕೆಳಗಿನ ಮುಂದಿನ ಹಲ್ಲು ಮೇಲಿನದ್ದರ ಮುಂದೆ ಬಂದಿದ್ದರೆ, 7-8ನೇ ವಯಸ್ಸಿಗೇ ತೋರಿಸಿ. ಅಂಗುಳನ್ನು ಅಗಲಿಸುವ, ಮೇಲ್ದವಡೆಯನ್ನು ಮುಂದೆ ತರುವ ಚಿಕಿತ್ಸೆಗಳು ಚಿಕ್ಕವರಲ್ಲಿ ಸಲೀಸಾಗಿ ಆಗುತ್ತವೆ. ಬೆಳವಣಿಗೆ ಮುಗಿದ ಮೇಲೆ ಕೆಲವರಿಗೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಬೆರಳು ಚೀಪುವ ಅಭ್ಯಾಸ ಕಾಯಂ ಹಲ್ಲು ಬರುವ ಮೊದಲೇ ಬಿಡಿಸಿ, ಇಲ್ಲದಿದ್ದರೆ ಮುಂದಿನ ಹಲ್ಲುಗಳು ಕೂಡದೆ ನಡುವೆ ತೆರವು ಉಳಿಯುತ್ತದೆ. ಬದಲಿಗೆ, 8-9 ವರ್ಷದ ಮಗುವಿನ ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದು ಇದ್ದರೆ ಗಾಬರಿ ಬೇಡ, ಕೋರೆಹಲ್ಲು ಬಂದಾಗ ಸಾಮಾನ್ಯವಾಗಿ ಅದೇ ಮುಚ್ಚಿಕೊಳ್ಳುತ್ತದೆ. ಆ ಸಂದು ಮುಚ್ಚಲು ಎರಡು ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಇದನ್ನು ಯಾವತ್ತೂ ಮಾಡಬೇಡಿ. ಬೇರು ತುದಿಗೆ ಹೋಗುತ್ತಾ ಕಿರಿದಾಗುತ್ತದೆ, ಹಾಗಾಗಿ ಬ್ಯಾಂಡ್ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಏನೂ ಕಾಣೋದಿಲ್ಲ, ಒಳಗೆ ಮೂಳೆ ತಿಂದುಹೋಗುತ್ತದೆ. ಚೆನ್ನಾಗಿದ್ದ ಎರಡು ಹಲ್ಲು ಅಲುಗಾಡಿ ಬಿದ್ದೇಹೋಗಬಹುದು.

ಕ್ಲಿಪ್ ಹಾಕಿದ ಮೇಲೆ ಹಲ್ಲು ಹಾಳಾಯಿತು ಅಂತ ಕೇಳಿರುತ್ತೀರಿ. ಹಾಳು ಮಾಡೋದು ಕ್ಲಿಪ್ ಅಲ್ಲ, ಅದರ ಸುತ್ತ ಕೂತ ಕೊಳೆ. ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ, ಒಮ್ಮೆ ಬಂದರೆ ಪೂರ್ತಿ ಹೋಗೋದು ಅಪರೂಪ. ಫ್ಲೋರೈಡ್ ಪೇಸ್ಟ್‌ನಿಂದ ಬ್ರಾಕೆಟ್‌ನ ಮೇಲ್ಗಡೆ ಒಂದು ಸಲ, ಕೆಳಗಡೆ ಒಂದು ಸಲ ಉಜ್ಜಬೇಕು. ತಂತಿಯ ಅಡಿಗೆ ಸಣ್ಣ ಸಂದು-ಬ್ರಷ್ ಆಡಿಸಬೇಕು. ಸಿಹಿ ಪಾನೀಯವನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯೋದು ಎಲ್ಲಕ್ಕಿಂತ ಕೆಟ್ಟದ್ದು. ತಂತಿ ಬಿಗಿಮಾಡಿದ ಮೇಲೆ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ, ಮೆತ್ತಗಿನ ಊಟ ಕೊಡಿ.

ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯೋದಿಲ್ಲ. ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಒಂದು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಕಡೆಗೆ ಎಳೆಯುತ್ತಲೇ ಇರುತ್ತವೆ. ಹಲ್ಲಿನ ಹಿಂದೆ ಅಂಟಿಸುವ ತೆಳು ತಂತಿ, ತೆಗೆದು ಹಾಕುವ ತಟ್ಟೆ, ಯಾವುದಾದರೂ ರಿಟೈನರ್ ಇರಲೇಬೇಕು. ಮೊದಲ ಕೆಲವು ತಿಂಗಳು ಹೆಚ್ಚು ಹೊತ್ತು, ಆಮೇಲೆ ರಾತ್ರಿ ಮಾತ್ರ. ಎಷ್ಟು ವರ್ಷ ಅಂತ ಕೇಳಿದರೆ, ಹಲ್ಲು ನೇರ ಇರಬೇಕು ಅನ್ನಿಸುವಷ್ಟು ವರ್ಷ ಅಂತಲೇ ನನ್ನ ಉತ್ತರ.

ಯಾಕೆ ಅನ್ನೋದಕ್ಕೆ ನಿಮ್ಮ ಕೆಳಗಿನ ಹಲ್ಲುಗಳೇ ಸಾಕ್ಷಿ. ಕ್ಲಿಪ್ ಹಾಕಿಸಿದವರಿಗೂ, ಹಾಕಿಸದವರಿಗೂ ವಯಸ್ಸಾದ ಹಾಗೆ ಕೆಳಗಿನ ಮುಂದಿನ ಹಲ್ಲುಗಳು ಇಕ್ಕಟ್ಟಾಗುತ್ತವೆ. ಬುದ್ಧಿಹಲ್ಲು ಹಿಂದಿನಿಂದ ತಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಬುದ್ಧಿಹಲ್ಲು ಇಲ್ಲದವರಲ್ಲೂ ಹೀಗೆ ಆಗುತ್ತದೆ, ಆದ್ದರಿಂದ ಇದೊಂದೇ ಕಾರಣಕ್ಕೆ ಅದನ್ನು ಕೀಳಿಸಬೇಡಿ. ನಿಮ್ಮ ವಯಸ್ಸು ಅಡ್ಡಿ ಅಲ್ಲವೇ ಅಲ್ಲ. ಮೂಳೆ ಕರಗಿ ಕಟ್ಟುವ ಕೆಲಸ ಎಲ್ಲ ವಯಸ್ಸಿನಲ್ಲೂ ನಡೆಯುತ್ತದೆ, ದೊಡ್ಡವರಲ್ಲಿ ಒಂದಿಷ್ಟು ನಿಧಾನ. ಆದರೆ ಮೊದಲು ಒಸಡು ಪರೀಕ್ಷೆ ಆಗಲಿ. ಈಚೆಗೆ ಹಲ್ಲು ಸರಿಯುತ್ತಿದೆ ಅಂದರೆ ಒಸಡಿನ ರೋಗದಿಂದ ಮೂಳೆ ಇಳಿದಿರುವ ಸಾಧ್ಯತೆಯೂ ಇದೆ. ಉಜ್ಜುವಾಗ ರಕ್ತ ಬರುತ್ತಾ, ಹಲ್ಲು ಅಲುಗಾಡುತ್ತಾ ಅಂತ ಗಮನಿಸಿ. ಹಾಗಿದ್ದರೆ ಒಸಡು ವಾಸಿಯಾಗುವವರೆಗೆ ಹಲ್ಲನ್ನು ಸರಿಸಬಾರದು. ಒಸಡು ಗಟ್ಟಿಯಿದ್ದು ಇಕ್ಕಟ್ಟು ಎರಡು ಮೂರು ಮಿಲಿಮೀಟರ್ ಅಷ್ಟೇ ಆಗಿದ್ದರೆ ಸಂದು ತೀಡಿ, ಕೆಲವೇ ತಿಂಗಳ ಅಲೈನರ್ ಸಾಕು. ಮಗಳ ಸ್ಕ್ಯಾನ್‌ಗೆ ಹೋದ ದಿನವೇ ನಿಮ್ಮ ಒಸಡನ್ನೂ ತೋರಿಸಿಬಿಡಿ.